ಡಿಜಿಟಲ್ ದತ್ತಾಂಶ ನಾಶ

ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಮೊಬೈಲ್ ಮುಂತಾದವುಗಳಲ್ಲಿರುವ ಗೋಪ್ಯ ಮಾಹಿತಿಯನ್ನು ಮತ್ತೆ ಯಾರೂ ಓದಲಾಗದಂತೆ ಇಲ್ಲವಾಗಿಸುವ ಕ್ರಮ. ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಅದರ ವಿಳಾಸ ಮಾತ್ರ. ಆ ಜಾಗದ ಮೇಲೆ ಹೊಸದನ್ನು ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಉದಾಹರಣೆಗೆ, ಕಲಬುರಗಿಯ ಸೇಡಂ ರಸ್ತೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಇಎಸ್‌ಐಸಿ ವೈದ್ಯಕೀಯ ಕಾಲೇಜಿದೆ. ಇಂಥ ಎಲ್ಲ ಸಂಸ್ಥೆಗಳಲ್ಲೂ ವಿದ್ಯಾರ್ಥಿಗಳ ಅಂಕಗಳು, ರೋಗಿಗಳ ವರದಿಗಳು ಯಂತ್ರದೊಳಗೆ ಸೇರಿವೆ. ಆ ಯಂತ್ರ ಹಳತಾಗಿ ಹರಾಜಿಗೋ ಗುಜರಿಗೋ ಹೊರಡುವ ಗಳಿಗೆಯೇ ಹೆಚ್ಚು ಅಪಾಯದ್ದು.

ಈ ಅಪಾಯವನ್ನು ಲೆಕ್ಕಸಮೇತ ತೋರಿಸಿದವರು ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾತ್. ಅವರು ಕೊಂಡ 158 ಹಳೆಯ ಡಿಸ್ಕ್‌ಗಳ ಪೈಕಿ ಸರಿಯಾಗಿ ಶುದ್ಧಗೊಂಡಿದ್ದವು ಕೇವಲ 12. ಉಳಿದ ಹಲವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆ, ವೈದ್ಯಕೀಯ ವಿವರಗಳು ಸಿಕ್ಕವು. ಆ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, 1996ರಲ್ಲಿ, ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ ಒಂದರ ಮೇಲೊಂದರಂತೆ 35 ಸಲ ಬರೆದು ಅಳಿಸುವ ವಿಧಾನ ಸೂಚಿಸಿದ್ದರು. ಅದು ಆ ಕಾಲದ ಬಗೆಬಗೆಯ ಡಿಸ್ಕ್‌ಗಳನ್ನೆಲ್ಲ ಗಣಿಸಿ ಹಾಕಿದ ಲೆಕ್ಕ. ಈಗಿನ ಡಿಸ್ಕಿಗೆ ಅಷ್ಟು ಬೇಡವೆಂದು ಅವರೇ ಮುಂದೆ ಸ್ಪಷ್ಟಪಡಿಸಿದರೂ 35ರ ಮೇಲಿನ ನಂಬಿಕೆ ಬಹುಕಾಲ ಉಳಿಯಿತು.

ಪ್ರಬಲ ಕಾಂತಕ್ಷೇತ್ರಕ್ಕೆ ಒಡ್ಡುವುದು, ಪುಡಿ ಮಾಡುವುದು ಇತರ ದಾರಿಗಳು. ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿ, ಪೆನ್‌ಡ್ರೈವ್‌ಗಳಿಗೆ ಕಾಂತ ನಾಟದು. ಮೇಲೆ ಬರೆದದ್ದೂ ಒಳಗೆ ಬೇರೆ ಜಾಗಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ಮೊದಲೇ ಗೂಢಲಿಪಿಯಲ್ಲಿಟ್ಟು, ಕೊನೆಗೆ ಅದರ ಕೀಲಿಯನ್ನಷ್ಟೇ ಅಳಿಸುವ ಪದ್ಧತಿ ಬಂತು. ಡಿಸ್ಕನ್ನು ಮತ್ತೆ ಬಳಸಲು ಬಿಡುವ ಈ ದಾರಿಯೇ ಬಡ ಸಂಸ್ಥೆಗಳಿಗೆ ಹೆಚ್ಚು ಒಪ್ಪುವಂಥದು.

ಕರ್ನಾಟಕದಲ್ಲಿ 2000ದ ಸುಮಾರಿಗೆ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಹಳತಾದ ಯಂತ್ರಗಳಿಗಾಗಿ 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆ ಇ-ತ್ಯಾಜ್ಯ ಸಂಸ್ಕರಣೆ ಆರಂಭಿಸಿತು. 2011ರ ಇ-ತ್ಯಾಜ್ಯ ನಿಯಮಗಳು ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದವು. ಸೀಸ, ಪಾದರಸಗಳಂಥ ವಿಷವೇ ಅವುಗಳ ಚಿಂತೆಯಾಗಿತ್ತು. ಡಿಸ್ಕಿನೊಳಗಿನ ಮನುಷ್ಯರ ಚಿಂತೆ ಕಾನೂನಿಗೆ ತಡವಾಗಿ ಬಂತು. ಸಂಗ್ರಹಿಸಿದ ಉದ್ದೇಶ ಮುಗಿದ ಬಳಿಕ, ಬೇರೆ ಕಾನೂನು ಉಳಿಸಲು ಹೇಳದಿದ್ದರೆ, ವೈಯಕ್ತಿಕ ದತ್ತಾಂಶವನ್ನು ಅಳಿಸಬೇಕೆಂಬ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಿಧಿಸಿತು. ಇನ್ನೊಂದೆಡೆ, ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿನ ಮಾಹಿತಿ ನಾಶಪಡಿಸಿದವರು ಪರಿಹಾರ ತೆರಬೇಕೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಹೇಳುತ್ತದೆ.