ಬೇಲಾಪುರದ ಟಿಕೆಟ್ ಪೈಪೋಟಿ: ಪಕ್ಷದೊಳಗಿನ ಆಯ್ಕೆ ಮತ್ತು ಬಹಿರಂಗ ಹೇಳಿಕೆಗಳ ರಾಜಕಾರಣ

2024ರ ನವೆಂಬರ್ 23ರಂದು ಮಹಾರಾಷ್ಟ್ರದ ಬೇಲಾಪುರ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ಮುಗಿದಾಗ ಭಾರತೀಯ ಜನತಾ ಪಕ್ಷದ ಮಂದಾ ಮ್ಹಾತ್ರೆ ಅವರಿಗೆ 91,852 ಮತಗಳೂ, ಶರದ್ ಪವಾರ್ ಬಣದ ರಾಷ್ಟ್ರವಾದಿ ಕಾಂಗ್ರೆಸ್‌ನ ಸಂದೀಪ ನಾಯಿಕ್ ಅವರಿಗೆ 91,475 ಮತಗಳೂ ಬಂದಿದ್ದವು. ಅಂತರ 377. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ ಇಬ್ಬರೂ ಒಂದೇ ಪಕ್ಷದವರು. ಸಂದೀಪ ನಾಯಿಕ್ ಅವರಂತೂ ಬಿಜೆಪಿಯ ನವಿ ಮುಂಬಯಿ ಜಿಲ್ಲಾ ಅಧ್ಯಕ್ಷರು. ಒಂದೇ ಪಕ್ಷದ ಇಬ್ಬರು ಆಕಾಂಕ್ಷಿಗಳ ನಡುವೆ ಪಕ್ಷದೊಳಗೇ ಇತ್ಯರ್ಥವಾಗಬೇಕಿದ್ದ ಪ್ರಶ್ನೆ ಅಲ್ಲಿ ಇತ್ಯರ್ಥವಾಗದೆ ಸಾರ್ವತ್ರಿಕ ಚುನಾವಣೆಯ ಮತಗಟ್ಟೆಗೆ ಬಂತು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ಬಗೆಯ ಪ್ರಶ್ನೆಯನ್ನು ಪಕ್ಷದ ಬೆಂಬಲಿಗರೇ ಮೊದಲು ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಿ ಬಗೆಹರಿಸುತ್ತಾರೆ. ಅಂಥ ವ್ಯವಸ್ಥೆಯಿಲ್ಲದ ಕಡೆ ಅಭ್ಯರ್ಥಿಯ ಏರಿಳಿತಗಳು ಹೇಗೆ ನಿರ್ಧಾರವಾಗುತ್ತವೆ, ಆಕಾಂಕ್ಷಿಗಳ ವಿವಾದಾತ್ಮಕ ಮಾತುಗಳು ಯಾರ ಕಿವಿಗೆ ಮುಟ್ಟಬೇಕೆಂದು ಆಡಿದವು ಎಂಬುದನ್ನು ಅರಿಯಲು ಬೇಲಾಪುರ ಒಳ್ಳೆಯ ನಿದರ್ಶನ.

ಬೇಲಾಪುರವು ಪನವೇಲ ಖಾರಿಯ ದಡದ ಹಳೆಯ ಕೋಟೆಯ ಊರು. 1970ರಲ್ಲಿ ನಗರಾಭಿವೃದ್ಧಿ ನಿಗಮವಾದ ಸಿಡ್ಕೊ ಸ್ಥಾಪನೆಯಾಗಿ ಠಾಣೆ, ಪನವೇಲ, ಉರಣ ಭಾಗದ 95 ಹಳ್ಳಿಗಳ ಜಮೀನು ನವಿ ಮುಂಬಯಿ ಎಂಬ ಹೊಸ ನಗರಕ್ಕೆ ಹೋದ ಮೇಲೆ ಇಲ್ಲಿನ ರಾಜಕಾರಣ ಎರಡು ನೆಲೆಗಳಲ್ಲಿ ಬೆಳೆಯಿತು. ಒಂದು, ಜಮೀನು ಕಳೆದುಕೊಂಡ ಆಗರಿ ಮತ್ತು ಕೋಳಿ ಸಮುದಾಯಗಳ ಪ್ರಕಲ್ಪಗ್ರಸ್ತರ ಬೇಡಿಕೆಗಳು: ಕಳೆದುಕೊಂಡ ಜಮೀನಿಗೆ ಬದಲಾಗಿ ಶೇಕಡಾ 12.5ರ ನಿವೇಶನ ಕೊಡುವ ಯೋಜನೆ, ಗಾವ್‌ಠಾಣದ (ಹಳ್ಳಿಯ ಮೂಲ ವಸತಿ ಪ್ರದೇಶದ) ಸುತ್ತ ಎದ್ದ ಮನೆಗಳ ಸಕ್ರಮ. ಇನ್ನೊಂದು, ವಾಶಿ, ಸಾನ್‌ಪಾಡಾ, ನೆರೂಳ್, ಸೀವುಡ್ಸ್, ಸಿಬಿಡಿ ಬಡಾವಣೆಗಳಿಗೆ ದೇಶದ ನಾನಾ ಕಡೆಯಿಂದ ಬಂದು ನೆಲೆಸಿದವರ ಅಪೇಕ್ಷೆಗಳು. ಹೋಟೆಲ್, ಬ್ಯಾಂಕು, ಕಾರ್ಖಾನೆಗಳ ಕೆಲಸ ಹಿಡಿದು ಬಂದ ತುಳು-ಕನ್ನಡಿಗರೂ ಈ ಎರಡನೆಯ ಗುಂಪಿನವರು. ಇಷ್ಟು ಭಿನ್ನವಾದ ಎರಡು ನೆಲೆಗಳನ್ನು ಒಟ್ಟಿಗೆ ಒಲಿಸಿಕೊಳ್ಳಬಲ್ಲ ಅಭ್ಯರ್ಥಿ ಯಾರು ಎಂಬುದು ಪ್ರತಿ ಪಕ್ಷಕ್ಕೂ ಕಠಿಣ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಅಧಿಕಾರ ಮಾತ್ರ ಎಂದೂ ಸ್ಥಳೀಯ ಕಾರ್ಯಕರ್ತರ ಕೈಯಲ್ಲಿರಲಿಲ್ಲ.

ಕಾರ್ಮಿಕ ಸಂಘಟನೆಯಿಂದ ಮೇಲೆ ಬಂದ ಗಣೇಶ ನಾಯಿಕ್ 1995ರಲ್ಲಿ ಶಿವಸೇನೆಯಿಂದ ಬೇಲಾಪುರದಲ್ಲಿ ಗೆದ್ದು ಮಂತ್ರಿಯಾದರು. ಸೇನೆ ಬಿಟ್ಟ ಮೇಲೆ 1999ರಲ್ಲಿ ಅದೇ ಪಕ್ಷದ ಸೀತಾರಾಮ ಭೋಯಿರ್ ಎದುರು ಸೋತರು. 2004 ಮತ್ತು 2009ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್‌ನಿಂದ ಗೆದ್ದರು. 2009ರ ಹೊತ್ತಿಗೆ ಹಿರಿಯ ಮಗ ಸಂಜೀವ ಠಾಣೆಯ ಸಂಸದ, ಕಿರಿಯ ಮಗ ಸಂದೀಪ ಪಕ್ಕದ ಐರೋಲಿಯ ಶಾಸಕ. ಒಂದೇ ಮನೆಯಲ್ಲಿ ಇಷ್ಟು ಅಧಿಕಾರ ಸೇರಿದಾಗ ಅದೇ ಪಕ್ಷದ ಇತರ ಆಕಾಂಕ್ಷಿಗಳಿಗೆ ಉಳಿಯುವುದು ಎರಡೇ ದಾರಿ: ಕಾಯುವುದು, ಇಲ್ಲವೇ ಹೊರಹೋಗುವುದು. ಆ ಪಕ್ಷದಲ್ಲೇ ಇದ್ದ ಮಂದಾ ಮ್ಹಾತ್ರೆ ಎರಡನೆಯದನ್ನು ಆರಿಸಿಕೊಂಡು ಬಿಜೆಪಿ ಸೇರಿದರು.

2014ರ ಸೆಪ್ಟೆಂಬರ್ 25ರಂದು ಮಹಾರಾಷ್ಟ್ರದ ಎರಡೂ ದೊಡ್ಡ ಮೈತ್ರಿಕೂಟಗಳು ಮುರಿದುಬಿದ್ದವು. ಬೇಲಾಪುರದ ಕಣದಲ್ಲಿ ನಾಲ್ಕು ಪ್ರಮುಖ ಪಕ್ಷಗಳೂ ಬೇರೆ ಬೇರೆ ನಿಂತವು. ಮ್ಹಾತ್ರೆ 55,316 ಮತ ಪಡೆದು ಗೆದ್ದರು. ಗಣೇಶ ನಾಯಿಕ್ ಅವರಿಗೆ ಸಿಕ್ಕಿದ್ದು 53,825. ಶಿವಸೇನೆಯಿಂದ ನಿಂತ, ಹಿಂದೆ ನವಿ ಮುಂಬಯಿ ಮಹಾನಗರ ಪಾಲಿಕೆಯ ಆಯುಕ್ತರಾಗಿದ್ದ ವಿಜಯ ನಾಹಟಾ ಅವರಿಗೆ 50,983. ಒಂದೂವರೆ ಸಾವಿರಕ್ಕೂ ಕಡಿಮೆ ಅಂತರದ ಈ ಗೆಲುವಿನಲ್ಲಿ ಮತ ವಿಭಜನೆಯ ಪಾಲು ದೊಡ್ಡದು. ಹಾಗೆಂದು ಅದನ್ನು ಬರೀ ಅದೃಷ್ಟವೆನ್ನುವುದು ಸರಿಯಲ್ಲ. ದಶಕಗಳ ಹಿಡಿತವಿದ್ದ ಹಿರಿಯ ಮಂತ್ರಿಯ ಎದುರು ಪಕ್ಷ ಬದಲಿಸಿ ಬಂದ ಮಹಿಳೆಯೊಬ್ಬರು ನಿಂತು ಮೊದಲ ಸ್ಥಾನಕ್ಕೆ ಏರಬೇಕಾದರೆ ಊರೊಳಗೆ ಗಟ್ಟಿಯಾದ ಸಂಪರ್ಕ ಇರಲೇಬೇಕು.

ನಿಜವಾದ ತೊಡಕು ಶುರುವಾದದ್ದು 2019ರಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಗಣೇಶ ನಾಯಿಕ್ ತಮ್ಮ ಪಾಲಿಕೆ ಸದಸ್ಯರ ದೊಡ್ಡ ಗುಂಪಿನೊಂದಿಗೆ ಬಿಜೆಪಿ ಸೇರಿದರು. 2015ರ ಪಾಲಿಕೆ ಚುನಾವಣೆಯಲ್ಲಿ 111 ಸ್ಥಾನಗಳ ಪೈಕಿ ಬಿಜೆಪಿ ಗೆದ್ದಿದ್ದು ಆರು, ರಾಷ್ಟ್ರವಾದಿ ಕಾಂಗ್ರೆಸ್ 52. ಹೀಗಾಗಿ ಬಂದವರ ಸಂಖ್ಯೆಯೇ ಇದ್ದವರನ್ನು ಮುಳುಗಿಸುವಂತಿತ್ತು. ಮ್ಹಾತ್ರೆ ಸೋಲಿಸಿದ್ದ ನಾಯಕನೇ ಈಗ ಅವರ ಪಕ್ಷದವರು, ಅದೂ ಅದೇ ಕ್ಷೇತ್ರದ ಆಕಾಂಕ್ಷಿ. ವರಿಷ್ಠರು ಹಾಲಿ ಶಾಸಕಿಗೇ ಬೇಲಾಪುರ ಉಳಿಸಿ, ಐರೋಲಿಯನ್ನು ಸಂದೀಪ ಅವರಿಗೆ ಕೊಟ್ಟರು. ಸಂದೀಪ ಅದನ್ನು ತಂದೆಗೆ ಬಿಟ್ಟುಕೊಟ್ಟರು. ಎರಡು ಕ್ಷೇತ್ರಗಳಲ್ಲೂ ಪಕ್ಷ ಗೆದ್ದಿತು. ಬೇಲಾಪುರದಲ್ಲಿ ಮ್ಹಾತ್ರೆ ಅವರ ಅಂತರ 43,597ಕ್ಕೆ ಏರಿತು. ಆದರೆ ಈ ಹಂಚಿಕೆಯಲ್ಲಿ ಯಾರ ಹಕ್ಕು ಯಾವ ಆಧಾರದ ಮೇಲೆ ಮಾನ್ಯವಾಯಿತು ಎಂಬುದಕ್ಕೆ ಲಿಖಿತ ನಿಯಮವಿರಲಿಲ್ಲ. ಆದ್ದರಿಂದ ಸ್ಪರ್ಧೆ ಮುಗಿಯಲಿಲ್ಲ, ಐದು ವರ್ಷ ಮುಂದಕ್ಕೆ ಹೋಯಿತು ಅಷ್ಟೇ.

ಆ ಐದು ವರ್ಷಗಳಲ್ಲಿ ಮತ್ತೊಂದು ಬಾಗಿಲು ಮುಚ್ಚಿತು. 2020ರ ಮೇ ತಿಂಗಳಲ್ಲಿ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿಯ ಆಳ್ವಿಕೆ ಬಂತು. ಮುಂದಿನ ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ವಾರ್ಡು ಮಟ್ಟದಲ್ಲಿ ಗೆದ್ದು ತಮ್ಮ ಬಲವನ್ನು ಎಣಿಸಿ ತೋರಿಸುವ ಅವಕಾಶ ಯಾವ ಬಣಕ್ಕೂ ಇಲ್ಲವಾಯಿತು. ಬಲವನ್ನು ಮತದಲ್ಲಿ ತೋರಿಸಲಾಗದ ಕಡೆ ಅದನ್ನು ಮಾತಿನಲ್ಲಿ ತೋರಿಸಬೇಕಾಗುತ್ತದೆ. ಮ್ಹಾತ್ರೆ ಮತ್ತು ನಾಯಿಕ್ ಬಣಗಳು ಒಂದೇ ಪಕ್ಷದಲ್ಲಿದ್ದೂ ಸಭೆ, ಪತ್ರಿಕಾಗೋಷ್ಠಿ, ಉದ್ಘಾಟನಾ ಸಮಾರಂಭಗಳಲ್ಲಿ ಬಹಿರಂಗವಾಗಿ ಪರಸ್ಪರ ಟೀಕಿಸಿದ್ದನ್ನು ಬರೀ ಇಬ್ಬರ ಸ್ವಭಾವಕ್ಕೆ ಆರೋಪಿಸುವ ವಾಡಿಕೆಯಿದೆ. ಸ್ವಭಾವಕ್ಕಿಂತ ವ್ಯವಸ್ಥೆಯೇ ಇದಕ್ಕೆ ಹೆಚ್ಚು ಕಾರಣವೆನ್ನಲು ಆಧಾರಗಳಿವೆ. ಟಿಕೆಟ್ ಕೊಡುವವರು ಮುಂಬಯಿ ಮತ್ತು ದಿಲ್ಲಿಯಲ್ಲಿರುವಾಗ, ನೆರೂಳಿನಲ್ಲಿ ಆಡಿದ ಮಾತಿನ ನಿಜವಾದ ಕೇಳುಗರು ನೆರೂಳಿನವರಲ್ಲ. ತಾವು ಮುನಿದರೆ ಪಕ್ಷಕ್ಕೆ ನಷ್ಟ ಎಂಬ ಸಂದೇಶ ಮೇಲಿನವರಿಗೆ ತಲುಪಿದರೆ ಆ ಮಾತಿನ ಕೆಲಸವಾದಂತೆ.

2024ರ ಅಕ್ಟೋಬರ್ 15ರಂದು ಚುನಾವಣೆ ಘೋಷಣೆಯಾಯಿತು. 20ರಂದು ಬಂದ ಬಿಜೆಪಿಯ 99 ಹೆಸರುಗಳ ಮೊದಲ ಪಟ್ಟಿಯಲ್ಲಿ ಐರೋಲಿಗೆ ಗಣೇಶ ನಾಯಿಕ್, ಬೇಲಾಪುರಕ್ಕೆ ಮಂದಾ ಮ್ಹಾತ್ರೆ ಇದ್ದರು. ಎರಡು ದಿನಗಳಲ್ಲಿ ಸಂದೀಪ ನಾಯಿಕ್ ಪಕ್ಷ ತೊರೆದು ಶರದ್ ಪವಾರ್ ಬಣ ಸೇರಿದರು. ತಂದೆ ಒಂದು ಪಕ್ಷದಿಂದ ಐರೋಲಿಯಲ್ಲಿ, ಮಗ ಎದುರಾಳಿ ಪಕ್ಷದಿಂದ ಬೇಲಾಪುರದಲ್ಲಿ ನಿಂತರು. ವಿಜಯ ನಾಹಟಾ ಪಕ್ಷೇತರರಾಗಿ, ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಗಜಾನನ ಕಾಳೆ ತಮ್ಮ ಪಕ್ಷದಿಂದ ಕಣದಲ್ಲಿದ್ದರು; ಇವರಿಬ್ಬರಲ್ಲಿ ಪ್ರತಿಯೊಬ್ಬರ ಮತವೂ 377ರ ಹಲವು ಪಟ್ಟು. ನವೆಂಬರ್ 20ರ ಮತದಾನದಲ್ಲಿ ರಾಜ್ಯವಿಡೀ ಬಿಜೆಪಿ ನೇತೃತ್ವದ ಮೈತ್ರಿಗೆ ಅಲೆ ಎದ್ದಿದ್ದರೂ, 2019ರಲ್ಲಿ ನಲವತ್ತು ಸಾವಿರ ದಾಟಿದ್ದ ಅಂತರ ಬೇಲಾಪುರದಲ್ಲಿ ಕರಗಿಹೋಯಿತು. ಸಂದೀಪ ಅವರಿಗೆ ಬಂದ ಮತಗಳಲ್ಲಿ ವಿರೋಧ ಪಕ್ಷದ ಸಾಂಪ್ರದಾಯಿಕ ಮತಗಳೆಷ್ಟು, ನಾಯಿಕ್ ಕುಟುಂಬದ ನಿಷ್ಠೆಯ ಮತಗಳೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೆ ಎರಡನೆಯ ಪಾಲು ಸಣ್ಣದಲ್ಲ ಎಂಬುದಕ್ಕೆ ಆ ಅಂತರವೇ ಸಾಕ್ಷಿ.

ಗೆದ್ದ ಮೇಲೂ ಮಾತಿನ ರಾಜಕಾರಣ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಅರಣ್ಯ ಸಚಿವರಾದ ಗಣೇಶ ನಾಯಿಕ್, ಮಿತ್ರಪಕ್ಷ ಶಿವಸೇನೆಯ ನಾಯಕ ಏಕನಾಥ ಶಿಂದೆ ಅವರ ಭದ್ರಕೋಟೆಯಾದ ಠಾಣೆಯಲ್ಲೇ ಜನತಾ ದರಬಾರ್ ನಡೆಸಿದರು. 2025ರಲ್ಲಿ ಶಿಂದೆ ಅವರಿಗೆ ಮುಖ್ಯಮಂತ್ರಿ ಪದವಿ ಲಾಟರಿಯಂತೆ ಒಲಿಯಿತೆಂಬ ಅರ್ಥದ ನಾಯಿಕ್ ಅವರ ಮಾತು ರಾಜ್ಯಮಟ್ಟದ ವಿವಾದವಾಯಿತು. ಕಲ್ಯಾಣ ಗ್ರಾಮಾಂತರದ 14 ಹಳ್ಳಿಗಳನ್ನು ನವಿ ಮುಂಬಯಿ ಪಾಲಿಕೆಗೆ ಸೇರಿಸುವುದಕ್ಕೂ ಅವರ ವಿರೋಧ ಇದೇ ಸಂಘರ್ಷದ ಭಾಗ. ಇಲ್ಲಿ ಹಳ್ಳಿಗಳ ಸೇರ್ಪಡೆ ನಿಜವಾದ ನಾಗರಿಕ ಪ್ರಶ್ನೆ: ಅದರ ಖರ್ಚು, ನೀರು, ರಸ್ತೆ ಎಲ್ಲವೂ ಚರ್ಚೆಗೆ ಯೋಗ್ಯ. ಲಾಟರಿಯ ಮಾತಿಗೆ ಸಿಕ್ಕ ಪ್ರಚಾರ ಮಾತ್ರ ಆ ಚರ್ಚೆಗೆ ಸಿಗಲಿಲ್ಲ.

ಅಮೆರಿಕದ ಅನುಭವದೊಂದಿಗೆ ಇಟ್ಟು ನೋಡಿದರೆ ಈ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 1968ರ ಷಿಕಾಗೊ ಸಮಾವೇಶದ ಗಲಭೆಯ ನಂತರ ಡೆಮಾಕ್ರಟಿಕ್ ಪಕ್ಷ ಮೆಕ್‌ಗವರ್ನ್–ಫ್ರೇಸರ್ ಆಯೋಗದ ಸಲಹೆಯಂತೆ ಅಭ್ಯರ್ಥಿ ಆಯ್ಕೆಯನ್ನು ಪಕ್ಷದ ಮುಖಂಡರ ಕೋಣೆಯಿಂದ ಹೊರತಂದಿತು. 1972ರಿಂದ ಎರಡೂ ಪಕ್ಷಗಳಲ್ಲಿ ಪ್ರಾಥಮಿಕ ಚುನಾವಣೆಯೇ ನಿರ್ಣಾಯಕವಾಯಿತು. ಇದರ ಫಲ ಎಲ್ಲ ಸಲವೂ ಹಿತವಾಗಿಲ್ಲ. 2015ರ ಜೂನ್ 16ರಂದು ಡೊನಾಲ್ಡ್ ಟ್ರಂಪ್ ರಿಪಬ್ಲಿಕನ್ ಕಣಕ್ಕಿಳಿದ ದಿನ ಮೆಕ್ಸಿಕೊದ ವಲಸಿಗರ ಬಗ್ಗೆ ಆಡಿದ ಮಾತಿನಿಂದ ಎನ್‌ಬಿಸಿ ವಾಹಿನಿಯೇ ಅವರೊಂದಿಗಿನ ವ್ಯವಹಾರ ಕಡಿದುಕೊಂಡಿತು. ಜುಲೈ 18ರಂದು ಅಯೋವಾದ ಏಮ್ಸ್‌ನಲ್ಲಿ, ವಿಯೆಟ್ನಾಂನಲ್ಲಿ ಯುದ್ಧಕೈದಿಯಾಗಿದ್ದ ಜಾನ್ ಮೆಕೇನ್ ಅವರ ಶೌರ್ಯವನ್ನೇ ಪ್ರಶ್ನಿಸಿದರು. ಸ್ಪರ್ಧೆ ಅಲ್ಲಿಗೆ ಮುಗಿಯಿತೆಂದು ಹಲವು ವಿಶ್ಲೇಷಕರು ಬರೆದರು. ಜನಮತ ಸಮೀಕ್ಷೆಗಳಲ್ಲಿ ಅವರು ಮೇಲೇರುತ್ತಲೇ ಹೋದರು.

ಹಾರ್ವರ್ಡ್ ವಿಶ್ವವಿದ್ಯಾಲಯದ ಶೋರನ್‌ಸ್ಟೈನ್ ಕೇಂದ್ರದಲ್ಲಿ ಥಾಮಸ್ ಪ್ಯಾಟರ್ಸನ್ ನಡೆಸಿದ ಅಧ್ಯಯನದ ಪ್ರಕಾರ, ಸಮೀಕ್ಷೆಯಲ್ಲಿ ಬೆಂಬಲ ಕಡಿಮೆಯಿದ್ದ ಆರಂಭದ ದಿನಗಳಲ್ಲೇ ಟ್ರಂಪ್ ಅವರಿಗೆ ಮಾಧ್ಯಮಗಳ ಪ್ರಚಾರ ಮಿತಿಮೀರಿ ಸಿಕ್ಕಿತ್ತು. ಅದಕ್ಕೆ ಕಣದ ರಚನೆಯೂ ಸೇರಿಕೊಂಡಿತು. ಹದಿನೇಳು ಮಂದಿ ಪ್ರಮುಖ ಅಭ್ಯರ್ಥಿಗಳಿದ್ದ ಕಡೆ ಮೂರನೆಯ ಒಂದು ಭಾಗದ ಮತವೂ ದೊಡ್ಡ ಗೆಲುವು: ದಕ್ಷಿಣ ಕ್ಯಾರೊಲಿನಾದಲ್ಲಿ ಸುಮಾರು ಶೇಕಡಾ 32.5 ಮತಕ್ಕೆ ಎಲ್ಲ 50 ಪ್ರತಿನಿಧಿಗಳೂ ಅವರ ಪಾಲಾದರು. 2014ರ ಬೇಲಾಪುರದಲ್ಲಿ ನಡೆದ ಮತ ವಿಭಜನೆಯ ಗಣಿತವೇ ಅಲ್ಲೂ ಕೆಲಸ ಮಾಡಿತ್ತು. ವಿವಾದದ ಮಾತೇ ಗೆಲ್ಲಿಸಿತು ಎನ್ನುವ ಸರಳ ತೀರ್ಮಾನ ಆದ್ದರಿಂದ ನಿಲ್ಲುವುದಿಲ್ಲ. 2024ರ ರಿಪಬ್ಲಿಕನ್ ಕಣದಲ್ಲಿ ಕಟುವಾದ ಹೇಳಿಕೆಗಳಿಂದಲೇ ಬೆಳಕಿಗೆ ಬಂದ ವಿವೇಕ್ ರಾಮಸ್ವಾಮಿ ಅಯೋವಾದಲ್ಲಿ ಶೇಕಡಾ ಎಂಟನ್ನೂ ಮುಟ್ಟದೆ ಹಿಂದೆ ಸರಿದರು.

ಎರಡು ವ್ಯವಸ್ಥೆಗಳಿಗಿರುವ ಅಂತರ ಇಲ್ಲಿದೆ. ಪ್ರಾಥಮಿಕ ಚುನಾವಣೆಯಲ್ಲಿ ಮಾತಿನ ಬೆಲೆ ಕಟ್ಟುವವರು ಲಕ್ಷಾಂತರ ಜನ. ಟಿಕೆಟ್ ವ್ಯವಸ್ಥೆಯಲ್ಲಿ ಬೆರಳೆಣಿಕೆಯ ಮುಖಂಡರು. ಉತ್ತರ ಕನ್ನಡದ ಬಿಜೆಪಿ ನಾಯಕ ಅನಂತಕುಮಾರ ಹೆಗಡೆ ಅವರ ಪ್ರಸಂಗ ಇದನ್ನು ತೋರಿಸುತ್ತದೆ. ಆರು ಬಾರಿ ಲೋಕಸಭೆಗೆ ಗೆದ್ದ, 2019ರಲ್ಲಿ 4.79 ಲಕ್ಷ ಮತಗಳ ಅಂತರ ಪಡೆದ ಅವರು ಸಂವಿಧಾನ ಬದಲಾವಣೆಯ ಮಾತಿಗಾಗಿ 2017ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಕ್ಷಮೆ ಕೇಳಿದ್ದರು. 2024ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದುಪಡಿಗೆ ನಾನೂರು ಸ್ಥಾನ ಬೇಕೆಂದು ಮತ್ತೆ ಹೇಳಿದಾಗ ಪಕ್ಷ ಅದು ಅವರ ವೈಯಕ್ತಿಕ ಅಭಿಪ್ರಾಯವೆಂದು ದೂರ ಸರಿಯಿತು. ಅದೇ ತಿಂಗಳ 24ರಂದು ಟಿಕೆಟ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವರಿಗೆ ಹೋಯಿತು, ಅವರು 3.37 ಲಕ್ಷ ಅಂತರದಲ್ಲಿ ಗೆದ್ದರು. ಟಿಕೆಟ್ ತಪ್ಪಲು ಆ ಹೇಳಿಕೆಯೊಂದೇ ಕಾರಣವೆನ್ನಲಾಗದು. ಕ್ಷೇತ್ರದಿಂದ ದೀರ್ಘಕಾಲ ದೂರವಿದ್ದ ದೂರೂ ಇತ್ತು. ಆದರೆ ಹೇಳಿಕೆಯನ್ನು ಒಪ್ಪುವವರೂ ಒಪ್ಪದವರೂ ಸೇರಿ ಉತ್ತರ ಕನ್ನಡದ ಯಾವ ಕಾರ್ಯಕರ್ತನ ಮತವೂ ಆ ತೀರ್ಮಾನದಲ್ಲಿ ಎಣಿಕೆಯಾಗಲಿಲ್ಲ.

ಅಂಥ ಎಣಿಕೆಯ ಒಂದು ಪ್ರಯತ್ನ ಕರ್ನಾಟಕದಲ್ಲೇ ನಡೆದಿತ್ತು. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿ ಅವರ ಯೋಜನೆಯಂತೆ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಆಂತರಿಕ ಚುನಾವಣೆ ನಡೆಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಆಯ್ಕೆಯಾದರು. ದಕ್ಷಿಣ ಕನ್ನಡದಲ್ಲಿ ಹಿರಿಯ ನಾಯಕ ಬಿ. ಜನಾರ್ದನ ಪೂಜಾರಿ, ಆಗ ಕೇಂದ್ರ ಸಚಿವರಾಗಿದ್ದ ವೀರಪ್ಪ ಮೊಯಿಲಿ ಅವರ ಮಗ ಹರ್ಷ ಮೊಯಿಲಿ ಅವರನ್ನು ಸೋಲಿಸಿದರು. 1977ರಿಂದ ನಾಲ್ಕು ಬಾರಿ ಮಂಗಳೂರಿನಿಂದ ಗೆದ್ದು, ಕೇಂದ್ರದ ಹಣಕಾಸು ರಾಜ್ಯ ಸಚಿವರಾಗಿ ಸಾಲ ಮೇಳಗಳಿಂದ ಹೆಸರಾದ ಪೂಜಾರಿ ನೇರ ನುಡಿಗೂ ಪ್ರಸಿದ್ಧರು. ಮುಂದೆ ತಮ್ಮದೇ ಪಕ್ಷದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರನ್ನು ಬಹಿರಂಗವಾಗಿ ಟೀಕಿಸುವುದಕ್ಕೂ ಅವರು ಹಿಂಜರಿಯಲಿಲ್ಲ. ಕೇಂದ್ರ ಸಚಿವರ ಮಗನ ಎದುರು ಸ್ಥಳೀಯರ ಆಯ್ಕೆ ನಿಂತದ್ದು ಈ ಪ್ರಯೋಗದ ದೊಡ್ಡ ಸಾಧನೆ.

ಆದರೂ ಅದರ ಮಿತಿ ಸ್ಪಷ್ಟವಿತ್ತು. ಮತದ ಹಕ್ಕು ಸಿಕ್ಕಿದ್ದು ಪದಾಧಿಕಾರಿಗಳು ಮತ್ತು ಚುನಾಯಿತ ಪ್ರತಿನಿಧಿಗಳ ಸಣ್ಣ ವಲಯಕ್ಕೆ, ಪಕ್ಷಕ್ಕೆ ಮತ ಹಾಕುವ ಸಾಮಾನ್ಯರಿಗಲ್ಲ. ಆ ವರ್ಷದ ಬಿಜೆಪಿ ಅಲೆಯಲ್ಲಿ ಪೂಜಾರಿ ನಳಿನ್ ಕುಮಾರ್ ಕಟೀಲ್ ಎದುರು, ನಾರಾಯಣಸ್ವಾಮಿ ಡಿ.ವಿ. ಸದಾನಂದ ಗೌಡ ಎದುರು ಸೋತರು. 2019ರಲ್ಲಿ ಪಕ್ಷ ಮತ್ತೆ ಮೇಲಿನವರ ಆಯ್ಕೆಗೆ ಮರಳಿತು. ದೇಶದೆಲ್ಲೆಡೆ ಸೋತ ವರ್ಷದ ಫಲಿತಾಂಶದಿಂದ ಆಯ್ಕೆಯ ವಿಧಾನವನ್ನೇ ತಪ್ಪೆಂದು ಕೈಬಿಟ್ಟಿದ್ದು ಅವಸರದ ತೀರ್ಮಾನ. ಗೆದ್ದ ಪಕ್ಷಗಳ ಟಿಕೆಟ್ ಹಂಚಿಕೆ ಹೆಚ್ಚು ನ್ಯಾಯಯುತವಾಗಿತ್ತು ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ. 1951ರ ಜನಪ್ರತಿನಿಧಿ ಕಾಯ್ದೆಯ 29ಎ ಕಲಮು ಪಕ್ಷಗಳ ನೋಂದಣಿಗೆ ಸಂಬಂಧಿಸಿದ್ದು. ಅಭ್ಯರ್ಥಿಯನ್ನು ಹೇಗೆ ಆರಿಸಬೇಕೆಂದು ಅದು ಹೇಳುವುದಿಲ್ಲ. ಮಾದರಿ ನೀತಿ ಸಂಹಿತೆ ಜಾರಿಗೆ ಬರುವುದು ಚುನಾವಣೆ ಘೋಷಣೆಯಾದ ಮೇಲೆ. ಬೇಲಾಪುರದಂಥ ಕಡೆ ಆಕಾಂಕ್ಷಿಗಳ ಮಾತಿನ ಜಗಳ ಅಷ್ಟರೊಳಗೆ ಬಹುಪಾಲು ಮುಗಿದಿರುತ್ತದೆ. ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವವನ್ನು ಕಡ್ಡಾಯಗೊಳಿಸಬೇಕೆಂದು ಕಾನೂನು ಆಯೋಗ 1999ರ ತನ್ನ 170ನೆಯ ವರದಿಯಲ್ಲಿ ಶಿಫಾರಸು ಮಾಡಿತು; ಸಂಸತ್ತು ಅದನ್ನು ಕಾಯ್ದೆಯಾಗಿಸಲಿಲ್ಲ. 1968ರ ಚುನಾವಣಾ ಚಿಹ್ನೆಗಳ ಆದೇಶದಂತೆ ಅಭ್ಯರ್ಥಿಯೊಬ್ಬರು ಪಕ್ಷದವರೆಂದು ಸಿದ್ಧವಾಗಲು ಬೇಕಾದದ್ದು ಅಧಿಕೃತ ಪದಾಧಿಕಾರಿಯ ಸಹಿಯಿರುವ ಬಿ ಫಾರಂ. ಆ ಸಹಿಯ ಹಿಂದೆ ಯಾರ ಅಭಿಪ್ರಾಯ ಕೇಳಲಾಯಿತು, ಎಷ್ಟು ಸದಸ್ಯರು ಒಪ್ಪಿದರು ಎಂದು ಚುನಾವಣಾಧಿಕಾರಿ ಕೇಳುವಂತಿಲ್ಲ, ಪಕ್ಷ ತಿಳಿಸಬೇಕಾಗಿಯೂ ಇಲ್ಲ.