ಕಪ್ಪು ಕಲ್ಲಿನ ಜಗಳ

ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧ ಸ್ಮಾರಕದ ಫೋಟೋ ನೀವೂ ನೋಡಿರ್ತೀರಿ. ಉದ್ದನೆಯ ಕಪ್ಪು ಗೋಡೆ, ಅದರ ತುಂಬ ಹೆಸರುಗಳು, ಒಂದು ಹೆಸರಿನ ಮೇಲೆ ಬೆರಳಿಟ್ಟು ನಿಂತ ಯಾರೋ ಒಬ್ಬರು. ಆ ಗ್ರಾನೈಟ್ ಹೋಗಿದ್ದು ನಮ್ಮ ಬೆಂಗಳೂರಿನ ಕಡೆಯಿಂದ ಅಂತ ಗೊತ್ತಾದ ಮೇಲೆ ನಾನು ಅದರ ಕತೆ ಹುಡುಕಿಕೊಂಡು ಹೊರಟೆ. ಸಿಕ್ಕಿದ್ದು ಒಂದು ದೊಡ್ಡ ಜಗಳ.

1981ರಲ್ಲಿ ವಿನ್ಯಾಸಕ್ಕೆ ಸ್ಪರ್ಧೆ ನಡೆಯಿತು. ಬಂದ ನಕ್ಷೆಗಳು 1,421. ತೀರ್ಪುಗಾರರಿಗೆ ಕಾಣುತ್ತಿದ್ದದ್ದು ಬರೀ ನಂಬರು. ಗೆದ್ದ 1026ನೇ ನಂಬರಿನ ನಕ್ಷೆ ಮಾಯಾ ಲಿನ್‌ ಅವರದು. ಯೇಲ್‌ನಲ್ಲಿ ಓದುತ್ತಿದ್ದ 21 ವರ್ಷದ ಹುಡುಗಿ, ಚೀನಾದಿಂದ ವಲಸೆ ಬಂದವರ ಮಗಳು. ನಕ್ಷೆಯಲ್ಲಿ ಕುದುರೆ ಇಲ್ಲ, ಬಾವುಟ ಇಲ್ಲ, ಕೋವಿ ಹಿಡಿದ ಸೈನಿಕನೂ ಇಲ್ಲ. ನೆಲ ಇಳಿಯುತ್ತ ಹೋದಂತೆ ಎತ್ತರವಾಗುವ ಎರಡು ಗೋಡೆ, ಅಷ್ಟೇ.

ಗಲಾಟೆ ಶುರುವಾಯಿತು. ಟಾಮ್ ಕಾರ್ಹಾರ್ಟ್ ಎಂಬ ಮಾಜಿ ಯೋಧ ಇದನ್ನು ನಾಚಿಕೆಯ ಕಪ್ಪು ಗಾಯ ಅಂದರು. ಉಳಿದ ಸ್ಮಾರಕಗಳೆಲ್ಲ ಬೆಳ್ಳಗೆ ಎದ್ದು ನಿಂತಿರುವಾಗ ನಮ್ಮದು ಮಾತ್ರ ಕಪ್ಪಗೆ ನೆಲದೊಳಗೆ ಯಾಕೆ ಅನ್ನೋದು ವಿರೋಧಿಗಳ ಪ್ರಶ್ನೆ. ಇದನ್ನು ಕಲೆ ಗೊತ್ತಿಲ್ಲದವರ ಮಾತು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಸೋತ ಯುದ್ಧದಿಂದ ಮನೆಗೆ ಬಂದಾಗ ಅವರಲ್ಲಿ ಎಷ್ಟೋ ಜನಕ್ಕೆ ಸಿಕ್ಕಿದ್ದು ಮೌನ, ಇಲ್ಲವೇ ಬೈಗುಳ. ಕಲ್ಲೂ ಬೈಯುತ್ತಿದೆ ಅನ್ನಿಸಿದರೆ ತಪ್ಪೇನು? ಉತ್ತರ ಕೊಟ್ಟವರೂ ಒಬ್ಬ ಯೋಧರೇ. ಕಪ್ಪು ವರ್ಣೀಯ ಸೇನಾಧಿಕಾರಿ ಜಾರ್ಜ್ ಪ್ರೈಸ್, ಕಪ್ಪು ನಾಚಿಕೆಯ ಬಣ್ಣವಲ್ಲ ಅಂತ ಸಭೆಯಲ್ಲೇ ಹೇಳಿದರು.

ಕೊನೆಗೆ ರಾಜಿಯಾಯಿತು. ಲಿನ್ ಒಪ್ಪದಿದ್ದರೂ ಒಂದು ಬಾವುಟ, ಮೂವರು ಸೈನಿಕರ ಕಂಚಿನ ಪ್ರತಿಮೆ ಸೇರಿಕೊಂಡವು, ಗೋಡೆಯಿಂದ ಸ್ವಲ್ಪ ದೂರದಲ್ಲಿ. ಗೋಡೆ 1982ರ ನವೆಂಬರಿನಲ್ಲಿ ತೆರೆಯಿತು, ಪ್ರತಿಮೆ ಬಂದದ್ದು 1984ರಲ್ಲಿ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಣ್ಣ ಜಗಳ. 57,939 ಹೆಸರುಗಳನ್ನು ಯಾವ ಕ್ರಮದಲ್ಲಿ ಕೆತ್ತಬೇಕು? ಹುಡುಕೋಕೆ ಸುಲಭ, ಅಕಾರಾದಿಯಾಗಿ ಇರಲಿ ಅಂದರು ಕೆಲವರು. ಹಾಗೆ ಮಾಡಿದ್ದರೆ ನೂರಾರು ಸ್ಮಿತ್‌ಗಳು ಸಾಲಾಗಿ ನಿಂತು, ಗೋಡೆ ಟೆಲಿಫೋನ್ ಡೈರೆಕ್ಟರಿ ಆಗುತ್ತಿತ್ತು. ಲಿನ್ ಹಟ ಹಿಡಿದರು: ಸತ್ತ ದಿನದ ಕ್ರಮವೇ ಇರಲಿ. ಹಾಗಾಗಿ ಒಂದೇ ದಿನ ಜೊತೆಗೆ ಸತ್ತವರು ಇಂದಿಗೂ ಜೊತೆಗಿದ್ದಾರೆ.

ಬೆಂಗಳೂರಿನ ಹೆಸರು ಮೊದಲು ಸಿಗುವುದೂ ಇಂಥದ್ದೇ ಒಂದು ಕಲ್ಲಿನ ಮೇಲೆ. ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯನ್ನು ನೆನೆಯುತ್ತದೆ. ಆ ಕಾಳಗ ಯಾಕೆ ನಡೆಯಿತು, ಯಾರು ಸರಿ, ಯಾರು ತಪ್ಪು ಅಂತ ಇವತ್ತು ನಾವ್ಯಾರೂ ಜಗಳ ಆಡ್ತಿಲ್ಲ. ಸತ್ತವನ ಹೆಸರನ್ನು ಮಾತ್ರ ಈಗಲೂ ಓದಬಹುದು.