ಸರ್ವರ್ ವಿಭಜನೆ: ಸ್ಪಾರ್ಕ್ ಮತ್ತು ಎಕ್ಸ್86

ಒಂದೇ ಸರ್ವರನ್ನು ಪರಸ್ಪರ ಸ್ವತಂತ್ರವಾದ ಹಲವು ಗಣಕಗಳಾಗಿ ವಿಭಾಗಿಸುವ ತಂತ್ರಾಂಶದ (ಹೈಪರ್‌ವೈಸರಿನ) ಸ್ವರೂಪವು ಅದಕ್ಕೆ ಆಧಾರಭೂತವಾದ ಸಂಸ್ಕಾರಕದ ರಚನೆಯನ್ನು ಅವಲಂಬಿಸಿರುವುದೆಂಬುದಕ್ಕೆ, ಒರಾಕಲ್ ಸಂಸ್ಥೆಯ ‘ವಿಎಂ ಸರ್ವರ್’ ಎಂಬ ಒಂದೇ ನಾಮಧೇಯದ, ಸ್ಪಾರ್ಕ್ ಮತ್ತು ಎಕ್ಸ್86 ಎಂಬ ಎರಡು ಸಂಸ್ಕಾರಕ ಕುಲಗಳಿಗಾಗಿ ರೂಪುಗೊಂಡ ಎರಡು ತಂತ್ರಾಂಶಗಳು ಉತ್ತಮ ನಿದರ್ಶನ. ಸನ್ ಮೈಕ್ರೋಸಿಸ್ಟಮ್ಸ್ 2007ರಲ್ಲಿ ‘ಲಾಜಿಕಲ್ ಡೊಮೇನ್ಸ್’ ಎಂದು ಹೊರತಂದು, 2010ರಲ್ಲಿ ಒರಾಕಲ್ಲಿನ ವಶವಾದ ಸ್ಪಾರ್ಕ್ ಪದ್ಧತಿಯಲ್ಲಿ, ಹೈಪರ್‌ವೈಸರು ಯಂತ್ರದ ಫರ್ಮ್‌ವೇರಿನಲ್ಲಿಯೇ ನೆಲಸಿದ್ದು, ಸಂಸ್ಕಾರಕದ ಥ್ರೆಡ್ಡುಗಳನ್ನು (8 ಕೋರುಗಳ ಅಲ್ಟ್ರಾಸ್ಪಾರ್ಕ್ ಟಿ1ರಲ್ಲಿ ಇವು 32) ಆಯಾ ವಿಭಾಗಕ್ಕೇ ಮೀಸಲಾಗಿ ಹಂಚಿಕೊಡುವುದು. ಎಕ್ಸ್86ರಲ್ಲಾದರೋ, ಯಂತ್ರಾರಂಭದಲ್ಲಿ ಡಿಸ್ಕಿನಿಂದ ಸ್ಮೃತಿಗೆ ಬರುವ ಝೆನ್ ಹೈಪರ್‌ವೈಸರು, ಸಂಸ್ಕಾರಕದ ಕಾಲವನ್ನು ಖಂಡಖಂಡವಾಗಿಸಿ, ಸರದಿಯಂತೆ ಎಲ್ಲ ವಿಭಾಗಗಳಿಗೂ ಒದಗಿಸುವುದು. ಎಕ್ಸ್86 ಕುಲದ ಕೆಲವು ಆಜ್ಞೆಗಳು ಮೂಲತಃ ಇಂತಹ ವಿಭಜನೆಗೆ ಒಗ್ಗದಿದ್ದ ಕಾರಣ, 2005ರಲ್ಲಿ ಇಂಟೆಲ್ಲೂ 2006ರಲ್ಲಿ ಎಎಂಡಿಯೂ ಯಂತ್ರಾಂಶದಲ್ಲಿಯೇ ತಕ್ಕ ಸೌಕರ್ಯವನ್ನು ಕಲ್ಪಿಸಬೇಕಾಯಿತು. ಮೀಸಲು ಹಂಚಿಕೆಯ ನಿಶ್ಚಿತತೆ ಮೊದಲನೆಯದರ ಗುಣ. ಇರುವುದನ್ನೇ ಹಲವರಿಗೆ ಹೊಂದಿಸುವ ನಮ್ಯತೆ ಎರಡನೆಯದರದು.